ಹತ್ತಿಯ ಕಲಬೆರಕೆ: ಒಂದು ಐತಿಹಾಸಿಕ ವಿಚಾರ

ಶಾಲೆಗಳಲ್ಲಿ ನಾವು ಕಲಿಸುವ ಇತಿಹಾಸದಲ್ಲಿ ಅರಸರ ವಂಶಾವಳಿಗೂ ಕಾಳಗಗಳ ತಿಥಿವಾರಗಳಿಗೂ ದೊರೆಯುವ ಸ್ಥಾನವು ಪೇಟೆಯ ಸರಕಿಗೆ ದೊರೆಯುವದಿಲ್ಲ. ಆದರೆ ಒಂದು ಅಂಡಿಗೆ ಹತ್ತಿಯನ್ನು ಬಿಚ್ಚಿ ನೋಡಿದರೆ ಅದರಲ್ಲಿಯೂ ಒಂದು ಕಾಲದ ನಡೆನುಡಿಗಳು ಕಾಣಸಿಗುತ್ತವೆ. ಅರಮನೆಯ ದಫ್ತರಗಳು ಹೇಳದ ಎಷ್ಟೋ ಸಂಗತಿಗಳನ್ನು ಅದು ಹೇಳುತ್ತದೆ. ಎರೆಯ ಸೀಮೆಯ ಅಂಚಿನಲ್ಲಿ ನೆಲೆಸಿದ ಸೊಲ್ಲಾಪುರದ ಕನ್ನಡಿಗರಾದ ನಮಗೆ ಹತ್ತಿಯು ಪರಕೀಯ ವಿಷಯವಲ್ಲ. ಗಿರಣಿಯ ಭೋಂಗಾ ಕೇಳಿ ಎದ್ದು, ಗಿರಣಿಯ ಭೋಂಗಾ ಕೇಳಿ ಮನೆಗೆ ಮರಳಿದ ತಲೆಮಾರುಗಳು ನಮ್ಮಲ್ಲಿ ಆಗಿಹೋಗಿವೆ. ಆದುದರಿಂದ ಈ ಸಲ ವಾಚಕರ ಮುಂದೆ, ವಿಶೇಷವಾಗಿ ವಿದ್ಯಾರ್ಥಿ ವಾಚಕರ ಮುಂದೆ, ಹತ್ತಿಯ ಇತಿಹಾಸದ ಒಂದು ಪ್ರಕರಣವನ್ನು ಇಡಬೇಕೆಂದಿದ್ದೇವೆ.

ಪ್ರಕರಣವು ಇಷ್ಟೇ: ಪೇಟೆಯಲ್ಲಿ ಪೈಪೋಟಿಯು ಮಿತಿಮೀರಿದಾಗ ಇನ್ನೊಬ್ಬರ ಕೈಕೆಳಗೆ ದುಡಿಯುವ ಮನುಷ್ಯನ ನಡತೆಯು ಏನಾಗುವದು? ಸಾವಕಾರನ ಮಾತು ಬೇರೆ. ಲಾಭವೂ ಅವನದು, ಹಾನಿಯೂ ಅವನದು. ನಾವು ಕೇಳುವದು ಗುಮಾಸ್ತನ ಮಾತು, ಖರೀದಿಗೆಂದು ಹಳ್ಳಿಗೆ ಕಳಿಸಿದ ಆಳಿನ ಮಾತು, ಜಿನ್ನಿನಲ್ಲಿ ಕೂಲಿ ಮಾಡುವ ಹೆಣ್ಣುಮಕ್ಕಳ ಮಾತು, ಪೇಢಿಯಲ್ಲಿ ಲೆಕ್ಕ ಬರೆಯುವ ಕಾರಕೂನನ ಮಾತು. ಇದಕ್ಕೆ ನೀತಿಶಾಸ್ತ್ರದವರು ಒಂದು ಉತ್ತರವನ್ನು ಕೊಡಬಹುದು. ನಾವು 1861ರಿಂದ 1868ರವರೆಗಿನ ಮುಂಬಯಿ ಇಲಾಖೆಯ ಹತ್ತಿಯ ಪೇಟೆಯನ್ನು ನೋಡೋಣ.

1860ರಲ್ಲಿ ಇಂಗ್ಲಂಡದ ಲ್ಯಾಂಕಾಶಾಯರ ಪ್ರಾಂತದ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಅಮೇರಿಕೆಯ ದಕ್ಷಿಣ ಸಂಸ್ಥಾನಗಳಿಂದ ಬರುತ್ತಿದ್ದಿತು. ಅದನ್ನು ಬೆಳೆಯುತ್ತಿದ್ದವರು ಗುಲಾಮರು. 1861ರ ಏಪ್ರಿಲದಲ್ಲಿ ಅಲ್ಲಿ ಅಂತರ್ಯುದ್ಧವು ಆರಂಭವಾಯಿತು. ಉತ್ತರದವರ ನೌಕಾಪಡೆಯು ದಕ್ಷಿಣದ ಬಂದರುಗಳನ್ನು ಮುಚ್ಚಿತು. ಹತ್ತಿಯ ಹಡಗುಗಳು ನಿಂತುಹೋದವು. ಲಿವರಪೂಲದ ಪೇಟೆಯಲ್ಲಿ 1860ರಲ್ಲಿ ಪೌಂಡಿಗೆ ಸುಮಾರು 6 ಪೆನ್ಸ್ ಇದ್ದ ಅಮೇರಿಕೆಯ ಹತ್ತಿಯ ಧಾರಣೆಯು 1864ರಲ್ಲಿ ಸರಾಸರಿ 27 ಪೆನ್ಸಿಗೆ ಏರಿತು. ಗಿರಣಿಗಳ ಬಾಗಿಲು ಮುಚ್ಚಿ, 1862ರ ಚಳಿಗಾಲದ ಹೊತ್ತಿಗೆ ಆ ಪ್ರಾಂತದಲ್ಲಿ ಸುಮಾರು 5 ಲಕ್ಷ ಜನರು ಧರ್ಮದ ಅನ್ನವನ್ನು ಅವಲಂಬಿಸಿದರು. ಇಂಥ ಹೊತ್ತಿನಲ್ಲಿ ಮ್ಯಾಂಚೆಸ್ಟರದವರ ಕಣ್ಣುಗಳೆಲ್ಲ ಹಿಂದುಸ್ತಾನದ ಕಡೆಗೆ ತಿರುಗಿದವು. ಹಿಂದುಸ್ತಾನದಲ್ಲಿಯೂ ಮುಂಬಯಿ ಇಲಾಖೆಯ ಕಡೆಗೆ, ಮುಂಬಯಿ ಇಲಾಖೆಯಲ್ಲಿಯೂ ಗುಜರಾತ, ಖಾನದೇಶ ಮತ್ತು ನಮ್ಮ ಧಾರವಾಡ ಸೀಮೆಯ ಕಡೆಗೆ.

ಧಾರವಾಡದ ಹೆಸರು ಬರಲು ಕಾರಣವಿತ್ತು. 1840ರ ದಶಕದ ಆರಂಭದಲ್ಲಿ ಅಲ್ಲಿಯ ಕಲೆಕ್ಟರನಾಗಿದ್ದ ಶಾ ಎಂಬವನು ಅಮೇರಿಕೆಯ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ತರಿಸಿ ಬಿತ್ತಿಸಿದನು. ಬೇರೆ ಕಡೆಗಳಲ್ಲಿ ಸೋತ ಆ ಬೀಜವು ಹುಬ್ಬಳ್ಳಿ-ಗದಗಗಳ ಎರೆಯಲ್ಲಿ ಊರಿ ನಿಂತಿತು. ರೈತರು ಅದಕ್ಕೆ ವಿಲಾಯ್ತಿ ಹತ್ತಿಯೆಂದು ಹೆಸರಿಟ್ಟರು; ಮೊದಲಿನಿಂದ ಇದ್ದದ್ದು ಜವಾರಿ ಹತ್ತಿ. ಜವಾರಿ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ವ್ಯಾಪಾರಿಗಳು ಅದನ್ನು 'ಕುಮಟಾ' ಎಂದು ಕರೆದರು. ಸಮುದ್ರದ ದಂಡೆಯ ಊರಿನಲ್ಲಿ ಒಂದು ಹತ್ತಿಯ ಗಿಡವೂ ಇಲ್ಲದಿದ್ದರೂ ಅದರ ಹೆಸರು ಲಿವರಪೂಲದವರೆಗೆ ಹೋದದ್ದು ಒಂದು ವಿನೋದವೇ ಸರಿ. ಜವಾರಿ ಹತ್ತಿಯ ಕಾಳನ್ನು ಬಿಡಿಸುವ ಕೆಲಸವನ್ನು ಹೆಣ್ಣುಮಕ್ಕಳು ಮಾಡುತ್ತಿದ್ದರು: ಚಪ್ಪಟೆ ಕಲ್ಲಿನ ಮೇಲೆ ಹತ್ತಿಯನ್ನು ಹರವಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸುತ್ತ ಕಾಳನ್ನು ಹೊರಗೆ ಹಾರಿಸುವದು. ವಿಲಾಯ್ತಿ ಹತ್ತಿಯ ಎಳೆಯು ಕಾಳಿಗೆ ಬಿಗಿಯಾಗಿ ಅಂಟಿರುವದರಿಂದ ಈ ರೀತಿಯು ಅದಕ್ಕೆ ಸಾಗದು; ಅದಕ್ಕೆ ಗರಗಸದ ಹಲ್ಲುಗಳುಳ್ಳ ಜಿನ್ನು ಬೇಕಾಯಿತು. ಸರಕಾರವು ಧಾರವಾಡದಲ್ಲಿ ಜಿನ್ನಿನ ಕಾರಖಾನೆಯನ್ನೇ ತೆರೆಯಿತು.

ಹೀಗೆ ಒಂದೇ ಜಿಲ್ಲೆಯಲ್ಲಿ, ಅನೇಕ ಸಲ ಒಂದೇ ಊರಿನಲ್ಲಿ, ಎರಡು ಬಗೆಯ ಹತ್ತಿಗಳು ಬೆಳೆಯತೊಡಗಿದವು. ಗರಗಸದಲ್ಲಿ ಬಿಡಿಸಿದ ಧಾರವಾಡದ ಅರಳೆಗೆ ಬೆಲೆ ಹೆಚ್ಚು. ಕುಮಟಾ ಅರಳೆಗೆ ಕಡಿಮೆ. ಬಿಡಿಸಿದ ಮೇಲೆ ಎರಡೂ ಬೆಳ್ಳಗೆ ಕಾಣುವವು. ಮುಂದಿನ ಕಥೆಯ ಬೀಜವು ಇಲ್ಲಿಯೇ ಇದೆಯೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಕಲಬೆರಕೆಯು ಯುದ್ಧದೊಡನೆ ಹುಟ್ಟಿದುದಲ್ಲ. ಮುಂಬಯಿ ಸರಕಾರವು 1829ರಷ್ಟು ಹಿಂದೆಯೇ ಹತ್ತಿಯ ಮೋಸವನ್ನು ತಡೆಯಲಿಕ್ಕೆ ಒಂದು ನಿಬಂಧನೆಯನ್ನು ಹೊರಡಿಸಿತ್ತು. ಆದರೆ ಮೊದಲು ಅಲ್ಲಲ್ಲಿ ಹನಿಯುತ್ತಿದ್ದದ್ದು 1862ರ ನಂತರ ಹೊಳೆಯಾಗಿ ಹರಿಯಿತು. ಆ ಕಾಲದ ಅಧಿಕಾರಿಗಳ ಮತ್ತು ವ್ಯಾಪಾರಿಗಳ ದೂರುಗಳಲ್ಲಿ ಕಾಣುವ ಚಿತ್ರವು ಹೀಗಿದೆ. ಹೊಲದಲ್ಲಿ ಬಿಡಿಸುವಾಗ ಒಣ ಎಲೆಯೂ ತೊಗಟೆಯೂ ಹತ್ತಿಯೊಡನೆ ಸೇರಿ ಬರುವವು. ಆರಿಸಿ ತೆಗೆಯುವ ತಾಳ್ಮೆ ಯಾರಿಗೂ ಇಲ್ಲ. ಜಿನ್ನಿನ ಮನೆಯಲ್ಲಿ ಅರಳೆಯೊಳಗೆ ಕಾಳು ಉಳಿಯುವದು. ಕೆಲವು ಸಲ ಉಳಿಸಲಾಗುವದು. ಮಳಿಗೆಯಲ್ಲಿ ಧೂಳು, ಮಣ್ಣು, ಹಳೆಯ ಹತ್ತಿ, ಕಡಿಮೆ ಬೆಲೆಯ ಗಿಡ್ಡ ಎಳೆಯ ಹತ್ತಿ ಇವುಗಳನ್ನು ಸೇರಿಸಲಾಗುವದು. ದಾರಿಯಲ್ಲಿ ಬಂಡಿಯವನು ಒಂದಿಷ್ಟನ್ನು ಕಿತ್ತುಕೊಂಡರೆ ತೂಕ ಸರಿದೂಗಲು ನೀರು ಚಿಮುಕಿಸುವನು; ದೋಣಿಯವನಿಗಂತೂ ಉಪ್ಪುನೀರು ಧರ್ಮಕ್ಕೆ ಸಿಗುವಂಥದು. ಒದ್ದೆಯಾದ ಹತ್ತಿಯನ್ನು ಒತ್ತಿ ಕಟ್ಟಿದರೆ ಹಡಗಿನ ಹೊಟ್ಟೆಯಲ್ಲಿ ಅದು ಮುಗ್ಗಿ ಬಣ್ಣಗೆಡುವದು. ಲಿವರಪೂಲದಲ್ಲಿ ಬಿಚ್ಚಿದಾಗ ಮೇಲಿನ ಪದರವು ಬೆಳ್ಳಗೆ, ಒಳಗಿನದು ಕಂದು.

ಇಷ್ಟು ಕೈಗಳಲ್ಲಿ ಮೋಸವು ಹಂಚಿಹೋಗಿರುವಾಗ ಯಾವ ಕೈಯನ್ನು ಹಿಡಿಯಬೇಕು? ಪ್ರತಿಯೊಬ್ಬನೂ ಮಾಡಿದ್ದು ಅಲ್ಪ. ಒಬ್ಬೊಬ್ಬನನ್ನೇ ಕರೆದು ಕೇಳಿದರೆ 'ನಾನೊಬ್ಬನು ಬಿಟ್ಟರೆ ಹತ್ತಿ ಶುದ್ಧವಾಗುವದೇ?' ಎಂದು ಕೇಳಬಹುದು. ಆ ಪ್ರಶ್ನೆಗೆ ಪೇಟೆಯಲ್ಲಿ ಉತ್ತರವಿರಲಿಲ್ಲ.

ಏಕೆ ಇರಲಿಲ್ಲವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಇದು ಊಹೆಯ ಲೆಕ್ಕ. ಮಕ್ಕಳು ಹಲಗೆಯ ಮೇಲೆ ಮಾಡಿ ನೋಡಬಹುದು. ಮುಂಬಯಿಯ ಒಂದು ಖಂಡಿಯೆಂದರೆ 784 ಪೌಂಡು. ಒಬ್ಬ ವ್ಯಾಪಾರಿಯು ಶುದ್ಧ ಅರಳೆಯನ್ನು ಕಳಿಸುವನು. ಇನ್ನೊಬ್ಬನು ಖಂಡಿಗೆ 80 ಪೌಂಡು ಕಾಳು-ಕಸವನ್ನು ಬೆರೆಸುವನು. ಧಾರಣೆಯು ಖಂಡಿಗೆ 200 ರೂಪಾಯಿ ಇದ್ದರೆ ಎರಡನೆಯವನಿಗೆ ಸುಮಾರು 20 ರೂಪಾಯಿಯ ಕಸವು ಹತ್ತಿಯ ಬೆಲೆಗೆ ಹೋಯಿತು. ಧಾರಣೆಯು 600ಕ್ಕೆ ಏರಿದರೆ ಅದೇ ಕಸದ ಬೆಲೆಯು 60 ರೂಪಾಯಿಯನ್ನು ದಾಟಿತು. ಕಸದ ಬೆಲೆಯು ಹತ್ತಿಯ ಬೆಲೆಯೊಡನೆ ಏರುವದೆಂಬುದೇ ಇಲ್ಲಿಯ ಗುಟ್ಟು. ಶುದ್ಧ ಅರಳೆಗೆ ಇದಕ್ಕಿಂತ ಹೆಚ್ಚಿನ ಬೆಲೆ ಸಿಕ್ಕಿದ್ದರೆ ಮೊದಲಿನವನು ಉಳಿಯುತ್ತಿದ್ದನು. ಆದರೆ ಲಿವರಪೂಲದಲ್ಲಿ ಹಿಂದುಸ್ತಾನದ ಪಶ್ಚಿಮ ಭಾಗದ ಹತ್ತಿಗೆಲ್ಲ 'ಸುರತಿ' ಎಂಬ ಒಂದೇ ಹೆಸರು. ಸುರತಿಯೆಂದರೆ ಕೆಟ್ಟದ್ದು ಎಂಬ ಮಾತು ಅಲ್ಲಿಯ ಜನರ ಬಾಯಲ್ಲಿ ನಿಂತುಹೋಗಿತ್ತು. ಪ್ರಾರ್ಥನಾ ಸಭೆಯಲ್ಲಿ 'ದೇವರೇ, ಹತ್ತಿಯನ್ನು ಕಳಿಸು' ಎಂದು ಬೇಡಿದಾಗ, ಹಿಂದೆ ಕುಳಿತ ಕೂಲಿಯವನೊಬ್ಬನು ಸುರತಿ ಮಾತ್ರ ಬೇಡವೆಂದು ಸೇರಿಸಿದನೆಂಬ ಕಥೆಯು ಲ್ಯಾಂಕಾಶಾಯರದಲ್ಲಿ ಬಹುಕಾಲ ನಡೆಯಿತು. ಎಲ್ಲ ಸರಕಿನ ಮೇಲೆಯೂ ಒಂದೇ ಕಳಂಕವು ಕುಳಿತ ಮೇಲೆ ಶುದ್ಧತೆಗೆ ಬೆಲೆ ಕೊಡುವವರಾರು?

ಈಗ ಖರೀದಿಯ ಆಳಿನ ಸ್ಥಿತಿಯನ್ನು ನೋಡೋಣ. ಮುಂಬಯಿಯ ಪೇಢಿಗಳು ಒಳನಾಡಿಗೆ ತಮ್ಮ ಜನರನ್ನು ಕಳಿಸಿದವು. ನಮ್ಮ ಸೊಲ್ಲಾಪುರಕ್ಕೆ 1860ರಲ್ಲಿಯೇ ರೇಲ್ವೆಯು ಬಂದಿದ್ದುದರಿಂದ ಅವರು ಇಲ್ಲಿಗೆ ಬರುವದು ಸುಲಭವಾಯಿತು. ಹುಬ್ಬಳ್ಳಿ-ಧಾರವಾಡಗಳಿಗೆ ರೇಲ್ವೆಯು ಮುಟ್ಟಿದ್ದು 1880ರ ದಶಕದಲ್ಲಿ, ಅಲ್ಲಿಯವರೆಗೆ ಎತ್ತಿನ ಬಂಡಿ ಮತ್ತು ಘಟ್ಟದ ದಾರಿಯೇ ಗತಿ. ಕಾರವಾರದ ಬಂದರವನ್ನು ಬೆಳೆಸಿ ಧಾರವಾಡದ ಹತ್ತಿಯನ್ನು ಅಲ್ಲಿಂದ ನೇರವಾಗಿ ಸಾಗಿಸಬೇಕೆಂಬ ಗದ್ದಲವು ಎಷ್ಟಿತ್ತೆಂದರೆ, 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸ ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ಮ್ಯಾಂಚೆಸ್ಟರದ ಒಂದು ಕಂಪನಿಯು ಒತ್ತುಯಂತ್ರಗಳನ್ನು ಸದಾಶಿವಗಡದಲ್ಲಿ ಇಳಿಸಿತು. ಘಟ್ಟದ ರಸ್ತೆಯು ಮಾತ್ರ ಸಿದ್ಧವಾಗಿರಲಿಲ್ಲ. ಕನ್ನಡ ಜಿಲ್ಲೆಗಳ ಗಡಿಗಳು ಯಾರ ಅನುಕೂಲಕ್ಕಾಗಿ ಹೇಗೆ ಸರಿದಾಡಿದವೆಂಬುದಕ್ಕೆ ಇದೊಂದು ದೃಷ್ಟಾಂತ. ಆ ವಿಷಯವನ್ನು ಇನ್ನೊಮ್ಮೆ ಬರೆಯಬೇಕು.

ಖರೀದಿಯ ಆಳಿಗೆ ಪೇಢಿಯಿಂದ ಬರುವ ಅಪ್ಪಣೆಯು ಒಂದೇ: ಹಡಗು ಹೊರಡುವ ಮೊದಲು ಇಷ್ಟು ಖಂಡಿ ಬರಬೇಕು. ಅವನ ದಲಾಲಿಯು ತೂಕದ ಮೇಲೆ. ಅವನು ಒಂದು ಅಂಡಿಗೆಯನ್ನು ಬಿಚ್ಚಿಸಿ, ಕೈಹಾಕಿ ನೋಡಿ, ಕಾಳು ಹೆಚ್ಚಾಗಿದೆಯೆಂದು ಬೇಡವೆಂದರೆ ಪಕ್ಕದಲ್ಲಿ ನಿಂತ ಇನ್ನೊಂದು ಪೇಢಿಯ ಆಳು ಅದನ್ನು ಬಿಚ್ಚದೆಯೇ ಎತ್ತಿಸುವನು. ಸಂಜೆಗೆ ಒಬ್ಬನ ಬಂಡಿ ತುಂಬಿತು, ಇನ್ನೊಬ್ಬನದು ಬರಿದಾಯಿತು. ಎರಡನೆಯ ಸಲ ಬರಿದಾದ ಬಂಡಿಯೊಡನೆ ಮರಳಿದವನನ್ನು ಪೇಢಿಯವರು ಯಾವ ಮಾತಿನಿಂದ ಸ್ವಾಗತಿಸಿರಬಹುದೆಂಬುದನ್ನು ವಾಚಕರು ಊಹಿಸಿಕೊಳ್ಳಬಲ್ಲರು. ಅವನಿಗೆ 'ಕಲಬೆರಕೆ ಮಾಡು' ಎಂದು ಯಾವ ಸಾವಕಾರನೂ ಬರೆದು ಕಳಿಸಿರಲಿಕ್ಕಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಎಷ್ಟು ಎಂದು ಕೇಳಿ, ಎಂಥದು ಎಂದು ಕೇಳದಿದ್ದರೆ ಸಾಕು.

ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಪ್ರಕರಣದ ಹೃದಯವು ಇಲ್ಲಿದೆ. ಅನ್ಯಾಯದಿಂದ ಬಂದ ಲಾಭದಲ್ಲಿ ಆಳಿಗೆ ಸಿಗುವ ಪಾಲು ತೀರ ಸ್ವಲ್ಪ. ಅನೇಕರಿಗೆ ಸಿಕ್ಕಿದ್ದು ನಾಳೆಯ ಕೆಲಸವಷ್ಟೇ. ಆದರೆ ಸಿಕ್ಕಿಬಿದ್ದಾಗ ಹೊರಬೇಕಾದ ಹೊರೆಯು ಅವನದೇ. ಪೇಢಿಯ ಯಜಮಾನನು 'ನಾನು ಅರಿಯೆ' ಎನ್ನಬಲ್ಲನು. ಅರಿಯದೆ ಇರುವ ಏರ್ಪಾಡನ್ನು ಅವನೇ ಮಾಡಿಕೊಂಡಿರುತ್ತಾನೆ. ಜಿನ್ನಿನ ಕೂಲಿಯವಳ ಮಾತಂತೂ ಹೇಳಬೇಕಾದದ್ದೇ ಇಲ್ಲ. ಬಿಡಿಸಿದ ಅರಳೆಯ ತೂಕದ ಮೇಲೆ ಕೂಲಿಯಾದರೆ, ಕಾಳು ಉಳಿದಷ್ಟೂ ಅವಳ ಸಂಜೆಯ ರೊಟ್ಟಿಯು ದೊಡ್ಡದಾಗುವದು. ಕಾಳು ಉಳಿಯದಂತೆ ಸಾವಕಾಶವಾಗಿ ಬಿಡಿಸುವವಳಿಗೆ ಇನಾಮು ಕೊಟ್ಟ ವ್ಯಾಪಾರಿಯಿದ್ದರೆ ಅವನು ವಿರಳ.

ಮ್ಯಾಂಚೆಸ್ಟರದ ವ್ಯಾಪಾರಿಗಳೂ ಅವರ ಪತ್ರಿಕೆಗಳೂ ಇದನ್ನೆಲ್ಲ ಹಿಂದುಸ್ತಾನದ ಜನರ ಹುಟ್ಟುಗುಣವೆಂದು ಬರೆದರು. ಈ ಮಾತನ್ನು ಒಪ್ಪಲಿಕ್ಕೆ ನಾವು ಸಿದ್ಧರಿಲ್ಲ. ಅಮೇರಿಕೆಯ ಹತ್ತಿಯ ಬೇಲುಗಳಲ್ಲಿಯೂ ಮೇಲೆ ಒಳ್ಳೆಯದು, ಒಳಗೆ ಕೆಟ್ಟದ್ದು ಇಟ್ಟು ಕಟ್ಟುವ ದೂರುಗಳಿದ್ದವು. ಅದಿರಲಿ, ದೂರುವವರ ಮನೆಯಲ್ಲಿ ಏನು ನಡೆದಿತ್ತೆಂಬುದನ್ನು ನೋಡೋಣ.

ಸುರತಿ ಹತ್ತಿಯ ಎಳೆಯು ಗಿಡ್ಡ. ನೂಲು ಮಗ್ಗದ ಮೇಲೆ ಪದೇ ಪದೇ ಹರಿಯುವದು. ಅದು ಹರಿಯದಿರಲೆಂದು ಹಾಸಿಗೆ ಗಂಜಿಯನ್ನು ಹೆಚ್ಚಾಗಿ ಹಚ್ಚತೊಡಗಿದರು. ಗೋದಿಯ ಹಿಟ್ಟು ತುಟ್ಟಿಯೆಂದು ಅದರಲ್ಲಿ ಬಿಳಿಯ ಚೀನೀ ಮಣ್ಣನ್ನು ಬೆರೆಸಿದರು. ಮಣ್ಣಿನಿಂದ ನೂಲು ಗಟ್ಟಿಯಾಗುವದಿಲ್ಲ, ಬಟ್ಟೆಯು ಮಾತ್ರ ತೂಕವಾಗುವದು. ಯುದ್ಧವು ಮುಗಿದು ಒಳ್ಳೆಯ ಹತ್ತಿಯು ಬಂದ ಮೇಲೆಯೂ ಈ ಮಣ್ಣು ಹೋಗಲಿಲ್ಲ; ಏಕೆಂದರೆ ಪಕ್ಕದ ಗಿರಣಿಯವನು ಬಿಟ್ಟಿರಲಿಲ್ಲ. ಮಣ್ಣು ತುಂಬಿದ ಆ ಬಟ್ಟೆಯು ಎಲ್ಲಿಗೆ ಹೋಗುತ್ತಿತ್ತು? ಚೀನಕ್ಕೆ ಮತ್ತು ಹಿಂದುಸ್ತಾನಕ್ಕೆ. ನಾವು ಅವರಿಗೆ ಹತ್ತಿಯೊಡನೆ ಧೂಳನ್ನು ಕಳಿಸಿದೆವು, ಅವರು ನಮಗೆ ಬಟ್ಟೆಯೊಡನೆ ಮಣ್ಣನ್ನು ಕಳಿಸಿದರು. ಒಗೆದ ಮೇಲೆ ನಮ್ಮ ತಾಯಂದಿರಿಗೆ ಉಳಿದದ್ದು ಬಲೆಯಂಥ ಅರಿವೆ.

ಆ ಮಣ್ಣಿನ ನಡುವೆ ನೇಯ್ದವರ ಗತಿಯೇನು? 1872ರಲ್ಲಿ ಬುಕ್ಯಾನನ್ ಎಂಬ ವೈದ್ಯರು ಟಾಡಮರ್ಡನ್ ಊರಿನ ಗಿರಣಿಗಳನ್ನು ಪರೀಕ್ಷಿಸಿ ಸರಕಾರಕ್ಕೆ ವರದಿ ಮಾಡಿದರು. ಮಣ್ಣು ಹಚ್ಚಿದ ಹಾಸು ಒಣಗಿದರೆ ಸಿಡಿಯುವದರಿಂದ ನೇಯ್ಗೆಯ ಮನೆಯೊಳಗೆ ಉಗಿಯನ್ನು ಬಿಡುತ್ತಿದ್ದರು. ನೇಯುವವರು ತೊಯ್ದ ಬಟ್ಟೆಯಲ್ಲಿ, ಧೂಳು ತುಂಬಿದ ಗಾಳಿಯಲ್ಲಿ ದಿನವಿಡೀ ನಿಲ್ಲಬೇಕು. ಉಗಿಯ ಪ್ರಮಾಣಕ್ಕೆ ಕಾನೂನಿನ ಮಿತಿ ಬಂದದ್ದು 1889ರಲ್ಲಿ. ನಮ್ಮ ಗಿರಣಿಗಳಲ್ಲಿ ಜಾಬರನೆಂದು ಕರೆಯುತ್ತಿದ್ದಂಥ ಮೇಲಾಳು ಅಲ್ಲಿಯೂ ಇದ್ದನು. ಅವನ ಸಂಬಳವು ಅವನ ಕೈಕೆಳಗಿನ ನೇಕಾರರ ಗಳಿಕೆಯ ಮೇಲೆ ಪೌಂಡಿಗಿಷ್ಟೆಂದು ನಿಗದಿಯಾಗಿರುತ್ತಿತ್ತು. ಆದುದರಿಂದ ಅವನು ನೇಕಾರರನ್ನು ಓಡಿಸುವನು. ಕೆಲವು ಗಿರಣಿಗಳಲ್ಲಿ ಪ್ರತಿಯೊಬ್ಬಳ ಗಳಿಕೆಯನ್ನು ಪಾಟಿಯ ಮೇಲೆ ಬರೆದು ಎಲ್ಲರಿಗೂ ಕಾಣುವಂತೆ ತೂಗುಹಾಕುತ್ತಿದ್ದರು. ಹಿಂದೆ ಬಿದ್ದವಳಿಗೆ ನಾಚಿಕೆ, ನಂತರ ಕೆಲಸದಿಂದ ಕಿತ್ತೊಗೆಯುವ ಭಯ. ಇದಕ್ಕೂ ಮೊದಲು, 1850ರ ದಶಕದಲ್ಲಿ, ಗಿರಣಿಗಳ ಪರೀಕ್ಷಕನಾದ ಲೆನರ್ಡ್ ಹಾರ್ನರನು ತನ್ನ ವರದಿಗಳಲ್ಲಿ ಇನ್ನೊಂದು ಕಳವನ್ನು ಬಯಲಿಗೆಳೆದಿದ್ದನು. ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಕೆಲವು ನಿಮಿಷ, ಊಟದ ಹೊತ್ತಿನಲ್ಲಿ ಕೆಲವು ನಿಮಿಷ, ಸಂಜೆಗೆ ಕೆಲವು ನಿಮಿಷ ಹೀಗೆ ಇಂಜಿನ್ನನ್ನು ಕಾನೂನು ಮೀರಿ ಓಡಿಸುವದು. ಹತ್ತಿಯಲ್ಲಿ ಕಾಳನ್ನು ಉಳಿಸುವದಕ್ಕೂ ಗಡಿಯಾರದಲ್ಲಿ ನಿಮಿಷವನ್ನು ಕದಿಯುವದಕ್ಕೂ ಜಾತಿಯ ಭೇದವೇನೂ ನಮಗೆ ಕಾಣುವದಿಲ್ಲ.

ಇಷ್ಟು ಹೇಳಿದ ಮೇಲೆ, ಒತ್ತಡವು ಬಂದಾಗ ಮನುಷ್ಯನು ಬಾಗಲೇಬೇಕೆಂದು ವಾಚಕರು ತಿಳಿಯಬಾರದು. ಅದೇ ಲ್ಯಾಂಕಾಶಾಯರದ ಕೆಲಸಗಾರರು, ಹೊಟ್ಟೆಗಿಲ್ಲದ 1862ರ ಡಿಸೆಂಬರ 31ರಂದು, ಮ್ಯಾಂಚೆಸ್ಟರದಲ್ಲಿ ಸಭೆ ಸೇರಿ ಗುಲಾಮಗಿರಿಯನ್ನು ಅಳಿಸಹೊರಟ ಅಧ್ಯಕ್ಷ ಲಿಂಕನ್ನನಿಗೆ ಬೆಂಬಲದ ಪತ್ರವನ್ನು ಬರೆದರು. ಬಂದರುಗಳನ್ನು ಮುಚ್ಚಿ ತಮ್ಮ ಅನ್ನವನ್ನು ಕಸಿದವನು ಅವನೇ ಎಂಬುದು ಅವರಿಗೆ ಗೊತ್ತಿತ್ತು. ಲಿಂಕನ್ನನು 1863ರ ಜನವರಿ 19ರಂದು ಅವರಿಗೆ ಕೃತಜ್ಞತೆಯ ಉತ್ತರವನ್ನು ಕಳಿಸಿದನು. ಅವರೆಲ್ಲರೂ ಕೂಡಿ ಮಾತಾಡಿದರೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಧಾರವಾಡದ ಜಿನ್ನಿನ ಕೂಲಿಯವಳಾಗಲಿ ಪೇಢಿಯ ಆಳಾಗಲಿ ಒಬ್ಬಂಟಿಗರಾಗಿದ್ದರು.

ಮತ್ತೆ ಮುಂಬಯಿಗೆ ಬರೋಣ. 1863ರಲ್ಲಿ ಮುಂಬಯಿ ಸರಕಾರವು ಒಂಬತ್ತನೆಯ ಕಾಯದೆಯಾಗಿ ಹತ್ತಿ ಮೋಸದ ಕಾನೂನನ್ನು ಮಾಡಿತು. ಹತ್ತಿಯಲ್ಲಿ ಬೆರಕೆ ಮಾಡುವದೂ ಬೆರಕೆಯೆಂದು ತಿಳಿದು ಮಾರುವದೂ ಅಪರಾಧವಾಯಿತು, ಪ್ರೆಸ್ಸುಗಳಿಗೆ ಪರವಾನಗಿ ಬೇಕಾಯಿತು, ಪರೀಕ್ಷಕರು ನೇಮಕವಾದರು. ಧಾರವಾಡದ ಜಿನ್ನಿನ ಕಾರಖಾನೆಯ ಮೇಲ್ವಿಚಾರಕರಾಗಿದ್ದ ಡಾ. ಫೋರ್ಬ್ಸ್ ಇವರನ್ನೇ ಹತ್ತಿಯ ಕಮಿಶನರರನ್ನಾಗಿ ಮಾಡಿದರು. ಪರೀಕ್ಷಕರ ವೆಚ್ಚಕ್ಕೆಂದು ಹತ್ತಿಯ ಮೇಲೆ ಶುಲ್ಕವನ್ನು ವಿಧಿಸಿದರು. ಕಾನೂನಿನಿಂದ ಏನೂ ಆಗಲಿಲ್ಲವೆಂದರೆ ತಪ್ಪಾದೀತು. ಅತಿ ನಾಚಿಕೆಗೇಡಿನ ಬೆರಕೆಗಳಿಗೆ ಅಂಜಿಕೆ ಹುಟ್ಟಿತು. ಆದರೆ ಅದರ ಬಲೆಗೆ ಬೀಳುತ್ತಿದ್ದವರು ಸಣ್ಣವರು. ಹಳ್ಳಿಯ ವ್ಯಾಪಾರಿ, ಬಂಡಿಯವನು, ಜಿನ್ನಿನವನು ಇವರ ಮೇಲೆ ಮೊಕದ್ದಮೆಯಾಗುವದು ಸುಲಭ. ಹಡಗು ತುಂಬಿಸಲು ಅವಸರಪಡಿಸಿದ ಪೇಢಿಯವನ ಮೇಲೆ ಯಾವ ಕಲಮನ್ನು ಹಚ್ಚಬೇಕು? ಮುಂಬಯಿಯ ದೊಡ್ಡ ವ್ಯಾಪಾರಿಗಳು ತಮ್ಮ ಸರಕನ್ನು ತಾವೇ ನೋಡಿಕೊಳ್ಳಬಲ್ಲೆವೆಂದು ಹೇಳುತ್ತ, ಶುಲ್ಕವನ್ನೂ ಪರೀಕ್ಷಕರನ್ನೂ ಮೊದಲಿನಿಂದ ವಿರೋಧಿಸಿದರು. 1878ರಲ್ಲಿ ಕಾನೂನನ್ನು ತಿದ್ದಿದರು. 1880ರ ದಶಕದ ಆರಂಭದಲ್ಲಿ ಅದನ್ನು ಕೈಬಿಟ್ಟೇಬಿಟ್ಟರು.

ಹತ್ತಿಯ ಹಣವು ಮುಂಬಯಿಯಲ್ಲಿ ಏನು ಮಾಡಿತೆಂಬುದು ಈ ಕಥೆಯ ಎರಡನೆಯ ಅಂಕ. ಒಳನಾಡಿನಲ್ಲಿ ಬಂಡಿಯ ಗಾಲಿಗಳಿಗೆ ಬೆಳ್ಳಿಯ ಪಟ್ಟಿ ಹಾಕಿಸಿದ ರೈತರ ಮಾತು ಜನರ ಬಾಯಲ್ಲಿ ಉಳಿಯಿತು. ಮುಂಬಯಿಯಲ್ಲಿ ಬೆಳ್ಳಿಯು ಕಾಗದವಾಗಿ ಮಾರ್ಪಟ್ಟಿತು. ದಿನಕ್ಕೊಂದು ಕಂಪನಿ, ದಿನಕ್ಕೊಂದು ಬ್ಯಾಂಕು. ಸಮುದ್ರವನ್ನು ತುಂಬಿ ಭೂಮಿ ಮಾಡುವ ಬ್ಯಾಕ್ ಬೇ ಕಂಪನಿಯ ಶೇರುಗಳು ಮೂಲಬೆಲೆಯ ಹಲವು ಪಟ್ಟಿಗೆ ಮಾರಿದವು. ವ್ಯಾಪಾರಿಗಳಷ್ಟೇ ಅಲ್ಲ, ಸರಕಾರಿ ನೌಕರರೂ ವಕೀಲರೂ ಸಟ್ಟೆಗೆ ಇಳಿದರು. ಈ ಎಲ್ಲದರ ನಡುವೆ ಪ್ರೇಮಚಂದ ರಾಯಚಂದ ಎಂಬ ದಲಾಲರ ಹೆಸರು ಮೆರೆಯಿತು. ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವು ಅವರ ತಾಯಿಯ ಹೆಸರಿನದು, ಅವರದೇ ದಾನದಿಂದ ಎದ್ದದ್ದು.

1840ರಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಬಾಂಬೆಯು ಈ ಗದ್ದಲದಲ್ಲಿ ನಿಂತ ಗಂಭೀರವಾದ ಮನೆತನವಾಗಿತ್ತು. ಸರಕಾರವು ಅದರಲ್ಲಿ ಪಾಲುದಾರ. ಸರಕಾರದ ನಿರ್ದೇಶಕರು ಅದರ ಮಂಡಲಿಯಲ್ಲಿದ್ದರು. 1863ರವರೆಗೆ ಅದಕ್ಕೆ ಬಿಗಿಯಾದ ಕಟ್ಟುಪಾಡುಗಳಿದ್ದವು. ಹೊಸ ಬ್ಯಾಂಕುಗಳು ಸುತ್ತಲೂ ಎದ್ದು, ಕೇಳಿದವರಿಗೆಲ್ಲ ಸಾಲವನ್ನು ಸುರಿಯುತ್ತಿರಲು, 1863ರ ಹೊಸ ಕಾಯದೆಯು ಇದಕ್ಕೂ ಕಂಪನಿಗಳ ಶೇರುಗಳ ಮೇಲೆ ಸಾಲ ಕೊಡುವ ಅವಕಾಶವನ್ನು ಕೊಟ್ಟಿತು. ಅಲ್ಲಿಂದ ಮುಂದೆ ಬ್ಯಾಂಕಿನ ಕಾರ್ಯದರ್ಶಿಗಳು ಪೆನ್ನನ್ನು ತಡೆಯಲಿಲ್ಲ. ದೊಡ್ಡ ದಲಾಲರ ಮಾತಿನ ಮೇಲೆ, ಅನೇಕ ಸಲ ಬರಿಯ ಕೈಬರಹದ ಆಧಾರದ ಮೇಲೆ, ಲಕ್ಷಗಟ್ಟಲೆ ಹಣವು ಹೊರಗೆ ಹೋಯಿತು. ಬ್ಯಾಂಕಿನ ಬಂಡವಾಳವು ಬೆಳೆಬೆಳೆದು 2 ಕೋಟಿ ರೂಪಾಯಿಯನ್ನು ಮೀರಿತ್ತು. ಅದರ ಬಹುಭಾಗವು ಕರಗಿತು.

1865ರ ಏಪ್ರಿಲ 9ರಂದು ದಕ್ಷಿಣದ ಸೇನಾಪತಿ ಲೀಯು ಶರಣಾದನು. ಹತ್ತಿಯ ಧಾರಣೆಯು ಬಿದ್ದಿತು. ವಾಯದೆಯ ವ್ಯವಹಾರಗಳ ಲೆಕ್ಕ ತೀರಿಸಬೇಕಾದ ಜುಲೈ 1ರಂದು ಮುಂಬಯಿಯ ದೊಡ್ಡ ದೊಡ್ಡ ಮನೆಗಳ ಬಾಗಿಲು ಮುಚ್ಚಿದವು. ಬ್ಯಾಂಕು ಏದುಸಿರು ಬಿಡುತ್ತ 1868ರ ಜನವರಿಯವರೆಗೆ ಉಳಿದು, ಆಮೇಲೆ ದಿವಾಳಿಯಾಯಿತು. ಸರ್ ಚಾರ್ಲ್ಸ್ ಜ್ಯಾಕ್ಸನ್ ಇವರ ಅಧ್ಯಕ್ಷತೆಯ ಆಯೋಗವು ವಿಚಾರಣೆ ನಡೆಸಿತು. ಸಡಿಲಾದ ಕಾಯದೆ, ಕಾರ್ಯದರ್ಶಿಗಳ ದುರ್ಬಲತೆ ಮತ್ತು ಅಪ್ರಾಮಾಣಿಕತೆ, ನಿರ್ದೇಶಕರ ಅಲಕ್ಷ್ಯ, ಆ ಕಾಲದ ಅಸಾಧಾರಣ ಪರಿಸ್ಥಿತಿ ಇವೆಲ್ಲವನ್ನೂ ಅದು ಕಾರಣಗಳೆಂದು ಎಣಿಸಿತು. ಈ ಎಣಿಕೆಯಲ್ಲಿ ನೌಕರನ ಗುಣವೂ ಕಾಲದ ಒತ್ತಡವೂ ಪಕ್ಕಪಕ್ಕದಲ್ಲಿ ನಿಂತಿವೆ. ಹುಬ್ಬಳ್ಳಿಯ ಪೇಟೆಯ ಆಳಿಗೂ ಮುಂಬಯಿಯ ಬ್ಯಾಂಕಿನ ಕಾರ್ಯದರ್ಶಿಗೂ ಸಂಬಳದಲ್ಲಿ ಆಕಾಶ-ಪಾತಾಳದ ಅಂತರವಿದ್ದಿತು. ಆದರೆ ತಾನು ಬೇಡವೆಂದರೆ ಪಕ್ಕದವನು ಕೊಡುವನೆಂಬ ಮಾತು ಇಬ್ಬರ ಕಿವಿಯಲ್ಲಿಯೂ ಒಂದೇ ಧ್ವನಿಯಲ್ಲಿ ಕೇಳಿಸಿರಬೇಕು. ಒಂದು ಭೇದವನ್ನು ಮಾತ್ರ ಹೇಳಬೇಕು: ಕಾರ್ಯದರ್ಶಿಗೆ ಬೇಡವೆನ್ನುವ ಅಧಿಕಾರವಿತ್ತು. ಆದುದರಿಂದ ಅವನ ತಪ್ಪು ದೊಡ್ಡದೆಂದು ನಾವು ಎಣಿಸುತ್ತೇವೆ.

ಬ್ಯಾಂಕು ಅದೇ 1868ರಲ್ಲಿ ಹೊಸದಾಗಿ ಹುಟ್ಟಿ, 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿ, 1955ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗವಾಯಿತು. ಹತ್ತಿಗೆ ಅಷ್ಟು ಬೇಗ ಪುನರ್ಜನ್ಮವಾಗಲಿಲ್ಲ. ಜಿನ್ನಿನಲ್ಲಿ ವಿಲಾಯ್ತಿಯೂ ಜವಾರಿಯೂ ಬೆರೆತಾಗ ಕಾಳುಗಳೂ ಬೆರೆತವು. ರೈತನು ಬಿತ್ತಲಿಕ್ಕೆ ಒಯ್ಯುವದು ಅದೇ ಜಿನ್ನಿನ ಕಾಳನ್ನು. ಹೀಗೆ ಪೇಟೆಯಲ್ಲಿ ಮಾಡಿದ ಬೆರಕೆಯು ಮುಂದಿನ ಮುಂಗಾರಿನ ನಂತರ ಹೊಲದಲ್ಲಿ ಮೊಳೆಯಿತು. ಒಂದೇ ಸಾಲಿನಲ್ಲಿ ಎರಡು ಜಾತಿಯ ಗಿಡಗಳು. ಯಾವ ರೈತನು ಎಷ್ಟು ಪ್ರಾಮಾಣಿಕನಾಗಿದ್ದರೂ ಅವನ ಹೊಲದಿಂದ ಶುದ್ಧ ಅರಳೆಯು ಬರುವಂತಿರಲಿಲ್ಲ. ಇದು ನಮ್ಮನ್ನು ಬಹಳ ಯೋಚನೆಗೆ ಈಡುಮಾಡಿದ ಸಂಗತಿ.

1917ರಲ್ಲಿ ಮೆಕೆನ್ನಾ ಇವರ ಅಧ್ಯಕ್ಷತೆಯಲ್ಲಿ ನೇಮಿಸಿದ ಹತ್ತಿಯ ಸಮಿತಿಯು ದೇಶವನ್ನೆಲ್ಲ ಸುತ್ತಿ ಈ ಬೆರಕೆಯನ್ನು ಮತ್ತೆ ಕಂಡಿತು. ಅದರ ಸಲಹೆಯ ಮೇರೆಗೆ 1921ರಲ್ಲಿ ಕೇಂದ್ರ ಹತ್ತಿ ಸಮಿತಿಯು ಸ್ಥಾಪಿತವಾಯಿತು. 1923ರ ಸಾಗಾಣಿಕೆಯ ಕಾಯದೆಯು, ಒಳ್ಳೆಯ ಹತ್ತಿ ಬೆಳೆಯುವ ಸೀಮೆಗೆ ಬೆರಸಲೆಂದು ಹೊರಗಿನ ಕೀಳು ಹತ್ತಿಯನ್ನು ತರದಂತೆ ತಡೆಯುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. 1925ರ ಜಿನ್ನು-ಪ್ರೆಸ್ಸುಗಳ ಕಾಯದೆಯ ಮೇರೆಗೆ ಪ್ರತಿಯೊಂದು ಬೇಲಿನ ಮೇಲೂ ಪ್ರೆಸ್ಸಿನ ಗುರುತೂ ಕ್ರಮಸಂಖ್ಯೆಯೂ ಬೀಳಬೇಕಾಯಿತು. ಎಲ್ಲಿ ಬಿಚ್ಚಿದರೂ ಅದನ್ನು ಒತ್ತಿದ ಮನೆಯು ಯಾವದೆಂದು ಗೊತ್ತಾಗುವಂತಾಯಿತು. 1863ರ ಕಾನೂನು ಕೈಯನ್ನು ಹುಡುಕುತ್ತ ಹಳ್ಳಿಗೆ ಹೋಗಿದ್ದರೆ, 1925ರ ಕಾನೂನು ಮನೆಯ ಹೆಸರನ್ನೇ ಬೇಲಿನ ಮೇಲೆ ಬರೆಯಿಸಿತು. ಇತ್ತ ಧಾರವಾಡದ ಕೃಷಿ ಕ್ಷೇತ್ರದವರು ಬೆರೆತ ಬೆಳೆಯಿಂದಲೇ ಒಳ್ಳೆಯ ಗಿಡಗಳನ್ನು ಒಂದೊಂದಾಗಿ ಆರಿಸಿ, ಜವಾರಿಯಿಂದ ಧಾರವಾಡ ನಂಬರ 1, ವಿಲಾಯ್ತಿಯಿಂದ ಗದಗ ನಂಬರ 1 ಎಂಬ ತಳಿಗಳನ್ನು ತೆಗೆದರು.

ಕಾನೂನುಗಳಿಗಿಂತಲೂ ನಮಗೆ ಮೆಚ್ಚುಗೆಯಾದದ್ದು ಇನ್ನೊಂದು. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದ್ದರು. ಅದೇ ಸೀಮೆಯಲ್ಲಿ, 1915ರಲ್ಲಿ, ಹುಬ್ಬಳ್ಳಿಯಲ್ಲಿ ಹತ್ತಿಯ ಮಾರಾಟಕ್ಕೆಂದೇ ಒಂದು ಸಹಕಾರಿ ಸಂಘವು ತೆರೆಯಿತು. ಅಂಥ ಸಂಘಗಳಲ್ಲಿ ರೈತರು ತಂದ ಹತ್ತಿಯನ್ನು ನೋಡಿ ತರಗತಿ ಹಚ್ಚುವರು. ಒಂದೊಂದು ತರಗತಿಯ ರಾಶಿಯನ್ನು ಬೇರೆ ಬೇರೆಯಾಗಿ, ಎಲ್ಲರೆದುರು ಸವಾಲಿಗೆ ಹಾಕುವರು. ಕಸವಿಲ್ಲದ ರಾಶಿಗೆ ಅದರ ಬೆಲೆ, ಕಸವಿದ್ದ ರಾಶಿಗೆ ಅದರ ಬೆಲೆ. ಪೈಪೋಟಿಯು ಇಲ್ಲಿಯೂ ಇತ್ತು. ಸವಾಲಿನಲ್ಲಿ ಕೂಗುವ ಖರೀದಿದಾರರು ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿರಲಿಲ್ಲ. ಆದರೆ ಸವಾಲಿಗೆ ಮೊದಲು ರಾಶಿಯೊಳಗೆ ಮೊಳಕೈವರೆಗೆ ಕೈಹಾಕಿ ಒಂದು ಹಿಡಿ ಅರಳೆಯನ್ನು ಹೊರಗೆ ತೆಗೆದು, ಬೆಳಕಿಗೆ ಹಿಡಿದು ಎಳೆಯನ್ನು ಎಳೆದು ನೋಡುವದಕ್ಕೆ ಅಲ್ಲಿ ಹೊತ್ತು ಇತ್ತು.